ಆಳು, ಸೂಳೆ, ತೊತ್ತು: ಮಲಪ್ರಭೆಯ ದಂಡೆಯಲ್ಲಿ ಬಿದ್ದ ಮಾತು, ಎದ್ದ ಮಾತು

ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಬಳಿಯ ಕೆಂಪು ಬಂಡೆಯಲ್ಲಿ ಕೊರೆದಿರುವ ಕಪ್ಪೆ ಅರಭಟ್ಟನ ಶಾಸನವು ಕನ್ನಡ ತ್ರಿಪದಿಗೆ ದೊರೆತಿರುವ ಅತ್ಯಂತ ಹಳೆಯ ಮಾದರಿಯೆಂದು ಹೆಸರಾಗಿದ್ದು, ಅದರ ಕಾಲವನ್ನು ವಿದ್ವಾಂಸರು ಕ್ರಿ.ಶ. 700ರ ಆಸುಪಾಸಿನಲ್ಲಿ ಇಡುತ್ತಾರೆ. ಛಂದಸ್ಸಿನ ಚರ್ಚೆಯ ನಡುವೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯೂ ಆ ಬಂಡೆಯಲ್ಲಿದೆ. ಅರಭಟ್ಟನನ್ನು ಹೊಗಳುವಾಗ ಶಾಸನವು ಲೋಕದ ಜನರನ್ನು ‘ಶಿಷ್ಟಜನ’, ‘ಕಷ್ಟಜನ’ ಎಂದು ಎರಡು ಪಾಲು ಮಾಡುತ್ತದೆ. ಮೊದಲನೆಯವರಿಗೆ ಅವನು ಪ್ರಿಯನಾದವನು, ಎರಡನೆಯವರನ್ನು ದೂರವಿಟ್ಟವನು. ಇಂದಿನ ಓದುಗನು ‘ಕಷ್ಟಜನ’ ಎಂಬುದನ್ನು ಕಂಡರೆ ಬಡತನದಲ್ಲಿ ಬೇಯುವವರು, ತೊಂದರೆಗೆ ಸಿಕ್ಕಿದವರು ಎಂದು ತಿಳಿದುಕೊಂಡಾನು; ಆದರೆ ಶಾಸನದ ಕಾಲಕ್ಕೆ ಅದಕ್ಕಿದ್ದ ಅರ್ಥ ಕೆಟ್ಟವರು, ನೀಚರು ಎಂದು. ಸಂಸ್ಕೃತದಿಂದ ಬಂದ ‘ಕಷ್ಟ’ ಶಬ್ದದಲ್ಲಿ ಕೆಟ್ಟದ್ದು ಎಂಬ ಅರ್ಥವೂ ನೋವಿನದು ಎಂಬ ಅರ್ಥವೂ ಕೂಡಿಯೇ ಇದ್ದವು, ಹದಿಮೂರು ಶತಮಾನಗಳಲ್ಲಿ ಕನ್ನಡವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಉಳಿಸಿಕೊಂಡಿತು. ಹೀಗೆ ಒಂದು ಕಾಲಕ್ಕೆ ತಿರಸ್ಕಾರದಿಂದ ಆಡಿದ ಮಾತು ಇಂದು ಕನಿಕರದ ಮಾತಾಗಿ ಕಿವಿಗೆ ಬೀಳುತ್ತದೆ.

ಸಮಾಜದ ಕೆಳಗಿನ ಮೆಟ್ಟಿಲಲ್ಲಿ ಇರುವವರನ್ನು, ಅಥವಾ ಅಲ್ಲಿ ಇರಿಸಲ್ಪಟ್ಟವರನ್ನು, ಕರೆಯುವ ಮಾತುಗಳು ಹೀಗೆ ಸ್ಥಾನ ಬದಲಿಸುವುದು ಕನ್ನಡಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಚರ್ಲ್’ ಎಂಬ ಮಾತಿಗೆ ಶ್ರೀಮಂತ ಕುಲದವನಲ್ಲದ, ಆದರೆ ಗುಲಾಮನೂ ಅಲ್ಲದ ಸ್ವತಂತ್ರ ಮನುಷ್ಯ ಎಂಬ ಅರ್ಥವಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಂಥ ರೈತರು ಒಡೆಯರ ಜಮೀನಿಗೆ ಕಟ್ಟುಬಿದ್ದವರಾದರು, ಅವರೊಂದಿಗೆ ಆ ಮಾತೂ ಇಳಿದು ಒರಟ, ಅನಾಗರಿಕ ಎಂಬ ಬೈಗುಳವಾಯಿತು. ಅದೇ ಬೇರಿನಿಂದ ಬಂದ ಕಾರ್ಲ್ ಎಂಬುದು ಜರ್ಮನ್ ನಾಡಿನಲ್ಲಿ ಗಂಡಸರ ಹೆಸರಾಯಿತು, ಕ್ರಿ.ಶ. 800ರಲ್ಲಿ ಚಕ್ರವರ್ತಿಯಾಗಿ ಪಟ್ಟವೇರಿದ ಶಾರ್ಲಮೇನನ ಹೆಸರು ಅದೇ ಆಗಿದ್ದು, ಅವನ ಕೀರ್ತಿಯಿಂದಾಗಿ ಸ್ಲಾವಿಕ್ ಭಾಷೆಗಳಲ್ಲಿ ಅರಸನನ್ನು ಕರೆಯುವ ‘ಕ್ರಾಲ್’, ‘ಕೊರೋಲ್’ ಎಂಬ ಮಾತುಗಳು ಹುಟ್ಟಿದವು. ಒಂದೇ ಬೇರು ಒಂದು ನಾಡಿನಲ್ಲಿ ಒರಟನನ್ನೂ ಇನ್ನೊಂದರಲ್ಲಿ ಅರಸನನ್ನೂ ಕೊಟ್ಟಿತೆಂದರೆ, ಅರ್ಥವನ್ನು ಏರಿಸಿ ಇಳಿಸುವ ಶಕ್ತಿ ಶಬ್ದದ ಒಳಗಿಲ್ಲ, ಅದನ್ನು ಹೊತ್ತವರ ಪಾಡಿನಲ್ಲಿಯೂ ಆಡಿದವರ ಅಧಿಕಾರದಲ್ಲಿಯೂ ಇದೆ ಎಂದಾಯಿತು. ಕನ್ನಡ ಸಿನಿಮಾದ ಪ್ರೇಕ್ಷಕರಿಗೆ ಚಿರಪರಿಚಿತವಾದ ‘ವಿಲನ್’ ಎಂಬ ಮಾತು ಕೂಡ ಮೂಲದಲ್ಲಿ ಹಳ್ಳಿಯ ತೋಟದ ಮನೆಗೆ ಸೇರಿದ ಕೆಲಸದವನನ್ನು ಸೂಚಿಸುತ್ತಿದ್ದ ಲ್ಯಾಟಿನ್ ಶಬ್ದದಿಂದ ಬಂದದ್ದು.

ಇದಕ್ಕೆ ಸರಿಸಾಟಿಯಾದ ಜಾಡು ಕನ್ನಡದಲ್ಲಿಯೂ ಇದೆ. ‘ಗಮಾರ’ ಎಂಬುದು ಉತ್ತರದ ಭಾಷೆಗಳ ಮೂಲಕ ಬಂದ, ‘ಗ್ರಾಮ’ದಿಂದಲೇ ಹುಟ್ಟಿದ ಮಾತು, ಹಳ್ಳಿಯವನು ಎಂಬುದೇ ಬುದ್ಧಿಯಿಲ್ಲದವನು ಎಂದಾದದ್ದು ಪೇಟೆಯವರ ಬಾಯಲ್ಲಿ. ‘ಪಾಮರ’ ಎಂಬುದೂ ಅಂಥದೇ: ಪ್ರಾಕೃತದ ಗಾಥಾಸಪ್ತಶತಿಯಲ್ಲಿ ಅದು ಹೊಲ ಉಳುವ ರೈತನನ್ನು ಕರೆಯುವ ಮಾತು, ಕನ್ನಡದ ‘ಪಂಡಿತ ಪಾಮರರು’ ಎಂಬ ಜೋಡಿಯಲ್ಲಿ ಅದು ಓದು ಬಾರದವನನ್ನು ಸೂಚಿಸುತ್ತದೆ. ಆದರೆ ಓದು ಬಾರದವರೆಲ್ಲ ದಡ್ಡರೆಂಬ ಎಣಿಕೆಯನ್ನು ಒಪ್ಪದ ದನಿಯೂ ಇದೇ ನೆಲದ ಜನರ ಕುರಿತು ಮೊಳಗಿದೆ. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಣ ಪ್ರದೇಶವನ್ನು ಹೇಳುತ್ತದೆ. ಅವುಗಳಲ್ಲಿ ಕಿಸುವೊಳಲ್ ಎಂಬುದು ಇಂದಿನ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲು. ಅದೇ ಗ್ರಂಥವು ಕನ್ನಡಿಗರಲ್ಲಿ ಪಾಠ ಓದದವರೂ ಕಾವ್ಯವನ್ನು ಪ್ರಯೋಗಿಸುವ ಪರಿಣತಿ ಉಳ್ಳವರು ಎಂದು ಮೆಚ್ಚಿ ಹೇಳುತ್ತದೆ. ಅರಮನೆಯ ಆಶ್ರಯದಲ್ಲಿ ಹುಟ್ಟಿದ ಲಕ್ಷಣಗ್ರಂಥವೊಂದು ಅಕ್ಷರ ಕಲಿಯದ ಜನಕ್ಕೆ ಕೊಟ್ಟ ಈ ಮನ್ನಣೆಯು ಹಳಗನ್ನಡ ಸಾಹಿತ್ಯದ ದೊಡ್ಡ ಉದಾರತೆಗಳಲ್ಲಿ ಒಂದು.

ಬೇಸಾಯದ ಮಾತುಗಳಲ್ಲಿ ಯಾವುದು ಬಿದ್ದಿತು, ಯಾವುದು ಬೀಳಲಿಲ್ಲ ಎಂಬುದನ್ನು ನೋಡಿದರೆ ಕಾರಣವೂ ಹೊಳೆಯುತ್ತದೆ. ಬಾಗಲಕೋಟೆಯ ಕಡೆ ವ್ಯವಸಾಯಕ್ಕೆ ಜನ ಆಡುವ ಮಾತು ‘ಒಕ್ಕಲುತನ’. ‘ಒಕ್ಕಲು’ ಎಂದರೆ ಮನೆತನ, ನೆಲೆಸಿದ ಕುಟುಂಬ. ಶಾಸನಗಳಲ್ಲಿ ಗಾಣಿಗರ ಸಂಘವೊಂದು ‘ತೆಲ್ಲಿಗ ಅಯ್ವತ್ತೊಕ್ಕಲು’ ಎಂದು ಕರೆಸಿಕೊಂಡು ದೇವಾಲಯಗಳಿಗೆ ಎಣ್ಣೆಯನ್ನು ದಾನವಾಗಿ ಕೊಡುತ್ತದೆ. ಊರಿನಲ್ಲಿ ಮನೆಯಿದ್ದು, ತೆರಿಗೆ ತೆತ್ತು, ದಾನ ಕೊಡುವ ಶಕ್ತಿಯಿದ್ದವರ ಮಾತಾದ್ದರಿಂದ ಇಂಗ್ಲಿಷಿನ ರೈತವಾಚಕಗಳಿಗೆ ಬಂದ ಗತಿ ಇದಕ್ಕೆ ಬರಲಿಲ್ಲ. ಬಿದ್ದದ್ದು ಇನ್ನೊಬ್ಬರ ನೆಲದಲ್ಲಿ ದುಡಿಯುವವರ ಮಾತು.

‘ಆಳು’ ಎಂಬುದು ಅದರಲ್ಲಿ ಮುಖ್ಯವಾದುದು, ಅದನ್ನು ನಿಧಾನವಾಗಿ ನೋಡಬೇಕು. ದ್ರಾವಿಡ ಭಾಷೆಗಳಲ್ಲಿ ‘ಆಳ್’ ಎಂದರೆ ಮೊದಲಿಗೆ ಬರಿಯ ಮನುಷ್ಯ, ವ್ಯಕ್ತಿ. ಆ ಅರ್ಥ ಇಂದಿಗೂ ಕನ್ನಡದಲ್ಲಿ ಅಳಿದಿಲ್ಲ. ಬಾವಿಯ ನೀರು ಎರಡಾಳು ಆಳ ಎನ್ನುವಾಗ, ಬೆಳೆ ಆಳೆತ್ತರ ಬಂದಿದೆ ಎನ್ನುವಾಗ ಅಲ್ಲಿ ಸೇವಕನಿಲ್ಲ, ಅಳತೆಗೋಲಾಗಿ ನಿಂತ ಮನುಷ್ಯನಿದ್ದಾನೆ. ಅದೇ ಮಾತಿಗೆ ಹಳಗನ್ನಡದಲ್ಲಿ ಸೈನಿಕ, ಒಡೆಯನ ನೆಚ್ಚಿನ ಭಟ ಎಂಬ ಅರ್ಥ ಬಂದಿತು, ಹೀಗಾಗಿ ‘ಆಳ್ತನ’ ಎಂದರೆ ಪೌರುಷವೂ ಹೌದು, ಸೇವೆಯೂ ಹೌದು. ರಾಜ್ಯ ‘ಆಳುವ’ ಎಂಬ ಕ್ರಿಯಾಪದವೂ ಕಿವಿಗೆ ಒಂದೇ ಆಗಿ ಕೇಳಿಸುವುದರಿಂದ ಅರಸ ಮತ್ತು ಸೇವಕ ಇಬ್ಬರೂ ಒಂದೇ ಮಾತಿನಿಂದ ಹುಟ್ಟಿದರೆಂದು ಹಲವರು ನಂಬುತ್ತಾರೆ. ಆದರೆ ತೆಲುಗಿನಲ್ಲಿ ಅರಸುತನಕ್ಕೆ ‘ಏಲು’ ಎಂಬ ಬೇರೆ ರೂಪವಿರುವುದರಿಂದ ದ್ರಾವಿಡ ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆ ಬೇರುಗಳಾಗಿ ಎಣಿಸುತ್ತಾರೆ. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆಯಾದರೋ ಬೇರುಗಳ ವಿಚಾರಕ್ಕೆ ಹೋಗದೆ ಎರಡನ್ನೂ ಒಂದೇ ಬಾಳಿನೊಳಗೆ ತಂದು ನಿಲ್ಲಿಸಿತು.

ಸೈನಿಕನ ಸೇವೆಯನ್ನು ಈ ಬಯಲುಸೀಮೆ ಹೇಗೆ ನೆನೆಯಿತು ಎಂಬುದಕ್ಕೆ ‘ಜೋಳವಾಳಿ’ ಎಂಬ ಇನ್ನೊಂದು ಮಾತು ಸಾಕ್ಷಿ. ಒಡೆಯನು ಇಕ್ಕಿದ ಜೋಳಕ್ಕೆ ಋಣಿಯಾಗಿ ಯುದ್ಧದಲ್ಲಿ ಪ್ರಾಣ ತೆರುವ ಕಟ್ಟುಪಾಡಿಗೆ ಹಳಗನ್ನಡದವರು ಇಟ್ಟ ಹೆಸರದು. ಅಕ್ಕಿಯಲ್ಲ, ಗೋದಿಯಲ್ಲ, ಜೋಳ: ಕೃಷ್ಣೆ ಮಲಪ್ರಭೆಗಳ ಎರೆನೆಲದಲ್ಲಿ ಇಂದಿಗೂ ರೊಟ್ಟಿಯಾಗಿ ತಟ್ಟೆಗೆ ಬರುವ ಅದೇ ಕಾಳು ಆಳಿನ ನಿಷ್ಠೆಯ ಅಳತೆಯಾಗಿತ್ತು. ಹೀಗೆ ಸತ್ತವನಿಗೆ ವೀರಗಲ್ಲು ನಿಲ್ಲುತ್ತಿತ್ತು, ಅವನ ಹೆಸರು ಉಳಿಯುತ್ತಿತ್ತು. ಆದರೆ ಅದೇ ಜೋಳವನ್ನು ಬಿತ್ತಿ, ಕಸ ತೆಗೆದು, ಕೊಯ್ದು ರಾಶಿ ಮಾಡಿದ ಆಳಿಗೆ ಕಲ್ಲು ನಿಲ್ಲಿಸಿದವರಿಲ್ಲ. ‘ಆಳು ಮಾಡಿದ್ದು ಹಾಳು’ ಎಂದು ಶುರುವಾಗುವ ಗಾದೆಯು ಒಡೆಯನ ಕಟ್ಟೆಯ ಮೇಲಿನಿಂದ ಬಂದ ಮಾತೇ ಹೊರತು ಹೊಲದೊಳಗಿನಿಂದ ಬಂದದ್ದಲ್ಲ.

ಹುನಗುಂದದ ಹೊಲಗಳಲ್ಲಿ ಈಗ ‘ಆಳು’ ಎಂದರೆ ದಿನಗೂಲಿಗೆ ಬರುವವರು. ‘ಕಸಾ ತಗಿಯಾಕ ಹತ್ತು ಆಳ ಹಚ್ಚೀನಿ’ ಎನ್ನುವ ರೈತನ ಮಾತಿನಲ್ಲಿ ಬೈಗುಳವೇನೂ ಇಲ್ಲ, ಅದು ಲೆಕ್ಕದ ಮಾತು. ಕೂಲಿ ಬೇರೆ ಬೇರೆಯಾದ್ದರಿಂದ ‘ಗಂಡಾಳು’, ‘ಹೆಣ್ಣಾಳು’ ಎಂದು ಲೆಕ್ಕವೂ ಬೇರೆಯಾಗುತ್ತದೆ. ಆದರೆ ‘ಅವನೇನು ನಮ್ಮನಿ ಆಳು’ ಎಂದಾಗ ಅದೇ ಮಾತು ಮನುಷ್ಯನನ್ನು ಕೆಳಗೆ ಒತ್ತುತ್ತದೆ. ಇಳಕಲ್ಲಿನಲ್ಲಿ ಮತ್ತೊಬ್ಬರ ಮಗ್ಗದ ಮುಂದೆ ಮಜೂರಿಗೆ ಕೂತು ಸೀರೆ ನೇಯುವವನೂ ಕೂಲಿಯ ಮೇಲೆ ಬದುಕುವವನೇ ಆದರೂ ಅವನು ನೇಕಾರನೆಂದೇ ಕರೆಸಿಕೊಳ್ಳುತ್ತಾನೆ. ಒಡಲಿನ ಹತ್ತಿಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಕೊಂಡಿ ಹಾಕಿ ಜೋಡಿಸುವ ಕೈಚಳಕಕ್ಕೆ ಒಂದು ಹೆಸರಿರುವುದರಿಂದ ಆ ಹೆಸರು ಅವನನ್ನು ಕಾಯುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿನ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇರುವ ಜಾಣ್ಮೆಗೆ ಮಾತ್ರ ಭಾಷೆ ಬೇರೆ ಹೆಸರು ಕೊಡಲಿಲ್ಲ.

ಆಳಿಗಿಂತ ಆಳವಾಗಿ ಬಿದ್ದದ್ದು ‘ಜೀತ’. ಸಂಸ್ಕೃತದ ‘ಜೀವಿತ’ದ ತದ್ಭವವಾದ ಇದು ಹಳೆಯ ಕನ್ನಡದಲ್ಲಿ ಜೀವನಕ್ಕೆಂದು ಕೊಡುವ ಸಂಬಳದ ಹೆಸರಾಗಿತ್ತು, ಅದರಲ್ಲಿ ಅವಮಾನದ ಸೋಂಕು ಇರಲಿಲ್ಲ. ಸಾಲಕ್ಕೆ ಮೈಯನ್ನೇ ಅಡವಿಟ್ಟು, ತಂದೆಯ ಸಾಲಕ್ಕೆ ಮಗನೂ ದುಡಿಯುವ ಪದ್ಧತಿಗೆ ಅದೇ ಮಾತು ಅಂಟಿದ ಮೇಲೆ ಬದುಕು ಎಂಬ ಮೂಲಾರ್ಥವು ಬದುಕನ್ನು ಕಸಿದುಕೊಳ್ಳುವ ವ್ಯವಸ್ಥೆಯ ಹೆಸರಾಯಿತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ 1976ರಲ್ಲಿ ಬಂದಿತು.

ಬಾದಾಮಿಯಿಂದ ಗುಡ್ಡದ ದಾರಿ ಹಿಡಿದರೆ ಸಿಗುವ ಮಹಾಕೂಟದಲ್ಲಿ ಇವೆಲ್ಲಕ್ಕಿಂತ ಬೆರಗುಗೊಳಿಸುವ ಸಾಕ್ಷ್ಯವಿದೆ. ಕ್ರಿ.ಶ. 696ರಿಂದ 733ರವರೆಗೆ ಆಳಿದ ಚಾಲುಕ್ಯ ಅರಸ ವಿಜಯಾದಿತ್ಯನ ಕಾಲದ ಅಲ್ಲಿನ ಕನ್ನಡ ಶಾಸನವೊಂದು ವಿನಾಪೋಟಿ ಎಂಬ ಹೆಣ್ಣಿನ ದಾನವನ್ನು ದಾಖಲಿಸುತ್ತದೆ. ಆಕೆಯನ್ನು ಅರಸನ ಪ್ರಾಣವಲ್ಲಭೆ ಎನ್ನುವ ಆ ಕಲ್ಲು, ಅದರ ಬೆನ್ನಿಗೇ ಆಕೆಯನ್ನು ‘ಸೂಳೆಯರ್’ ಎಂದು ಗೌರವದ ಬಹುವಚನದಲ್ಲಿ ಕರೆಯುತ್ತದೆ. ಆಕೆಯ ಹೆಸರಿಗೂ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳು ಎಂಬವರ ಹೆಸರುಗಳಿಗೂ ಅದೇ ಗೌರವದ ‘ಗಳ್’ ಹತ್ತಿದೆ, ವಂಶವನ್ನು ಹೇಳುವುದೂ ತಾಯಂದಿರ ಕಡೆಯಿಂದಲೇ. ವಿನಾಪೋಟಿ ಮಹಾಕೂಟದಲ್ಲಿ ಹಿರಣ್ಯಗರ್ಭ ದಾನವನ್ನು ಮಾಡಿದಳು. ಬಂಗಾರದ ಪಾತ್ರೆಯ ಗರ್ಭದಿಂದ ಹೊಸದಾಗಿ ಹುಟ್ಟಿ ಬಂದಂತೆ ವಿಧಿ ನಡೆಸಿ ಆ ಬಂಗಾರವನ್ನು ಕೊಟ್ಟುಬಿಡುವ ಈ ದಾನ ಸಾಮಾನ್ಯವಾಗಿ ಅರಸರಿಗೆ ಮಾತ್ರ ಸಾಧ್ಯವಾಗುತ್ತಿದ್ದುದು. ಅಷ್ಟೇ ಅಲ್ಲದೆ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಮಂಗಳುಳ್ಳೆ ಎಂಬಲ್ಲಿ 800 ಮತ್ತರು ನೆಲವನ್ನು ಬಿಟ್ಟಳು. ‘ಮತ್ತರು’ ಎಂಬುದು ಅಂದಿನ ಭೂಮಿಯ ಅಳತೆ. ಇಂದು ಸಭ್ಯರ ಬಾಯಿಂದ ಹೊರಡದ, ಹೆಂಗಸನ್ನು ನೋಯಿಸುವುದಕ್ಕೆಂದೇ ಎತ್ತುವ ಆ ಶಬ್ದವನ್ನು ಎಂಟನೆಯ ಶತಮಾನದ ಕಲ್ಲುಕುಟಿಗನು ಮಾನ್ಯ ದಾನಿಯೊಬ್ಬಳ ಸ್ಥಾನದ ಹೆಸರಾಗಿ, ಸಂಕೋಚವಿಲ್ಲದೆ ಕೊರೆದಿದ್ದಾನೆ.

ಆ ಶಬ್ದ ಬಿದ್ದದ್ದಕ್ಕೆ ನಡತೆಯ ಕಾರಣ ಹುಡುಕುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ವಿನಾಪೋಟಿಗೆ ಆಸ್ತಿಯಿತ್ತು, ದಾನ ಕೊಡುವ ಹಕ್ಕಿತ್ತು, ಹೆಸರನ್ನು ಕಲ್ಲಿಗೇರಿಸುವ ಶಕ್ತಿಯಿತ್ತು. ಕಾಲಾನಂತರದಲ್ಲಿ ಇದೇ ಸೀಮೆಯಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ದೇವದಾಸಿ ಪದ್ಧತಿ ಬೇರೂರಿದಾಗ ಅವರಿಗೆ ನೆಲವೂ ಉಳಿಯಲಿಲ್ಲ, ಗೌರವದ ಬಹುವಚನವೂ ಉಳಿಯಲಿಲ್ಲ. ಕರ್ನಾಟಕವು 1982ರಲ್ಲಿ ಈ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಹಳೆಯ ಶಬ್ದವು ಊರು, ಕೆರೆಗಳ ಹೆಸರಿನಲ್ಲಿ ಮಾತ್ರ ಬೈಗುಳವಾಗದೆ ನಿಂತಿದೆ: ಹುನಗುಂದ ಸೀಮೆಯ ನೇಕಾರಿಕೆಯ ಊರು ಸೂಳೇಬಾವಿ ಇಂದಿಗೂ ಆ ಹೆಸರಿನಿಂದಲೇ ನಡೆಯುತ್ತದೆ, ಚನ್ನಗಿರಿಯ ಸೂಳೆಕೆರೆ ಮಾತ್ರ ಶಾಂತಿಸಾಗರ ಎಂಬ ಇನ್ನೊಂದು ಹೆಸರನ್ನು ಪಡೆಯಿತು. ಕೆರೆ ಬಾವಿಗಳ ಮೇಲೆ ಉಳಿದಿರುವ ಇಂಥ ಹೆಸರುಗಳು ನಾಚಿಕೆಯ ಗುರುತುಗಳಲ್ಲ, ಹೀಗೆ ಕರೆಸಿಕೊಂಡ ಹೆಣ್ಣುಮಕ್ಕಳ ನೆನಪನ್ನು ಜನರ ನೀರಿನೊಂದಿಗೆ ಸೇರಿಸಿ ಉಳಿಸಿದವು.

ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ ಮಾತುಗಳ ಚಲನೆ ತಿರುಗಾಮುರುಗಾ ಆಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಬಿದ್ದ ಮಾತುಗಳನ್ನು ಹುಡುಕಿ ತಂದು ತಮಗೆ ತಾವೇ ಇಟ್ಟುಕೊಂಡರು. ‘ತೊತ್ತು’ ಎಂದರೆ ಮನೆಯ ಅಡಿಯಾಳಾದ ಹೆಣ್ಣು, ಅದಕ್ಕೂ ಕೆಳಗಿನವಳು ‘ಪಡಿದೊತ್ತು’. ಇವೆರಡೂ ಇಂದು ಹೆಚ್ಚಾಗಿ ಬೈಗುಳದಲ್ಲಿ, ಹಳೆಯ ಪುಸ್ತಕಗಳಲ್ಲಿ ಮಾತ್ರ ಉಳಿದಿವೆ. ಕಲ್ಯಾಣದ ಬಿಜ್ಜಳನಲ್ಲಿ ಭಂಡಾರಿಯಾಗಿದ್ದ, ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣನು ಇಂಥ ಅಡಿಯಾಳುಗಳ ಸಾಲಿಗೇ ತನ್ನನ್ನು ಸೇರಿಸಿಕೊಂಡು ಒಂದು ವಚನದಲ್ಲಿ ತನ್ನ ಹುಟ್ಟನ್ನೇ ಬೇರೆಯಾಗಿ ಹೇಳಿಕೊಳ್ಳುತ್ತಾನೆ: ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳೂ ಹೊಲಕ್ಕೆ ಬೆರಣಿಗೆ ಹೋದಾಗ ಕೂಡಿದ್ದರಿಂದ ತಾನು ಹುಟ್ಟಿದವನು ಎಂಬುದು ಅದರ ತಾತ್ಪರ್ಯ. ಮಾದಾರ, ಡೋಹರ ಎಂಬುವು ಚರ್ಮದ ಕೆಲಸದ ಜಾತಿಗಳು. ಅವರ ಮನೆಗೂ ಒಬ್ಬ ದಾಸನನ್ನು ಕಲ್ಪಿಸಿ, ಆ ದಾಸನಿಗೂ ಮೊಮ್ಮಗನಾಗಿ ನಿಲ್ಲುವುದೆಂದರೆ ಜಾತಿಯ ಏಣಿಯನ್ನು ತಲೆಕೆಳಗು ಮಾಡಿ ಅದರ ತುದಿಯಲ್ಲಿ ಚೆನ್ನಯ್ಯನನ್ನು ಕೂರಿಸಿದಂತೆ.

ಇದು ಒಂದು ವಚನದ ಭಾವಾವೇಶವಾಗಿ ನಿಲ್ಲದೆ ಆಚಾರವೇ ಆಯಿತು. ಲಿಂಗಾಯತ ಧರ್ಮದ ಪಂಚಾಚಾರಗಳಾದ ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳಲ್ಲಿ ಕೊನೆಯದು ಸೇವಕನ ಹೆಸರನ್ನೇ ಹೊತ್ತಿದೆ. ‘ಭೃತ್ಯ’ ಎಂದರೆ ಒಡೆಯನಿಂದ ಪೋಷಣೆ ಪಡೆಯಬೇಕಾದವನು, ಅನ್ನದ ಹಂಗಿನವನು; ಆ ಹಂಗಿನ ಸ್ಥಿತಿಯನ್ನು ಶರಣರು ಎಲ್ಲರೂ ಪಾಲಿಸಬೇಕಾದ ನಡೆಯಾಗಿ ಎತ್ತಿದರು. ‘ಕಿಂಕರ’ ಎಂಬ ಇನ್ನೊಂದು ಸೇವಕವಾಚಕವನ್ನು ಪಂಡಿತರು ‘ಏನು ಮಾಡಲಿ’ ಎಂದು ಕೇಳುತ್ತ ನಿಲ್ಲುವವನು ಎಂದು ಬಿಡಿಸುತ್ತಾರೆ. ಅದೇ ಜಾಡಿನ ‘ಕಿಂಕುರ್ವಾಣ’ ಎಂಬುದು ಶರಣರಲ್ಲಿ ಭಕ್ತಿಯ ಒಂದು ನಿಲುವಿನ ಹೆಸರು. ಶರಣರ ಹೆಸರುಗಳ ಕಟ್ಟಡವೂ ಇದೇ ವಿಚಾರದಿಂದ ಎದ್ದದ್ದು. ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಮಾರಯ್ಯ, ಹೆಂಡದ ಮಾರಯ್ಯ, ಕೊಟ್ಟಣದ ಸೋಮಮ್ಮ: ಮುಂದೆ ಲೋಕ ಕೀಳೆಂದ ಕಾಯಕ, ಹಿಂದೆ ಲೋಕ ದೊಡ್ಡವರಿಗೆ ಕೊಡುವ ‘ಅಯ್ಯ’, ‘ಅಣ್ಣ’, ‘ಅಮ್ಮ’. ಕಾಯಕವನ್ನು ಮರೆಮಾಚಿ ಗೌರವ ಪಡೆಯುವ ದಾರಿಯನ್ನು ಅವರು ಒಪ್ಪಲಿಲ್ಲ, ಎರಡನ್ನೂ ಒಂದೇ ಹೆಸರಿನೊಳಗೆ ಕೂಡಿಸಿಟ್ಟರು.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ. ಭಂಡಾರಿಯಾದವನು ದಾಸಿಯ ಮೊಮ್ಮಗನೆಂದು ಕರೆದುಕೊಳ್ಳುವುದಕ್ಕೂ, ದಾಸಿಯ ಮೊಮ್ಮಗನಾಗಿಯೇ ಹುಟ್ಟಿದವನನ್ನು ಇನ್ನೊಬ್ಬರು ಹಾಗೆ ಕರೆಯುವುದಕ್ಕೂ ಅಂತರ ದೊಡ್ಡದು. ಮೊದಲನೆಯವನು ಆ ಮಾತನ್ನು ಆರಿಸಿಕೊಂಡವನು, ಎರಡನೆಯವನಿಗೆ ಆರಿಸುವ ಅವಕಾಶವೇ ಇರಲಿಲ್ಲ. ಹೊಲೆಯ, ಮಾದಿಗ ಎಂಬ ಜಾತಿಯ ಹೆಸರುಗಳನ್ನು ಶರಣರು ಹುಟ್ಟಿನಿಂದ ಬಿಡಿಸಿ ಕೆಟ್ಟ ನಡತೆಗೆ ಅಂಟಿಸಿದ್ದು ಅಂದಿನ ಕಾಲಕ್ಕೆ ಎದೆಗಾರಿಕೆಯ ಕೆಲಸವಾಗಿತ್ತು. ಆದರೂ ಹಾಗೆ ಮಾಡಿದಾಗ ಹೆಸರಿನೊಳಗಿನ ಕೀಳಿನ ಅರ್ಥ ಹಾಗೆಯೇ ಉಳಿದುಹೋಯಿತು, ಗುರಿ ಮಾತ್ರ ಬದಲಾಯಿತು. ಜಾತಿಯ ಹೆಸರೆತ್ತಿ ಬೈಯುವುದನ್ನು ಅಪರಾಧವಾಗಿ ಕಾಣುವ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬರುವುದಕ್ಕೆ 1989ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ದಲಿತ ಸಂಘರ್ಷ ಸಮಿತಿಯ ಚಳವಳಿಯು ಗಾಂಧೀಜಿ ಪ್ರಚಾರಕ್ಕೆ ತಂದ ‘ಹರಿಜನ’ ಎಂಬ ಹೆಸರನ್ನು ಬದಿಗಿಟ್ಟು ‘ದಲಿತ’ ಎಂಬುದನ್ನು ಕರ್ನಾಟಕದ ಊರೂರಿಗೆ ಒಯ್ದಿತು. ತುಳಿತಕ್ಕೊಳಗಾದವನು ಎಂಬ ಅರ್ಥವನ್ನು ಬಚ್ಚಿಡದ ಆ ಮಾತನ್ನು ಕೊಟ್ಟವರು ಮೇಲಿನವರಲ್ಲ, ಹೊತ್ತವರೇ ಆರಿಸಿಕೊಂಡದ್ದು. ಅದರ ಬಲ ಇರುವುದೂ ಅಲ್ಲಿಯೇ.

ತನಗೆ ಅಂಟಿಸಿದ ಹೆಸರನ್ನು ತಾನೇ ಎತ್ತಿ ನುಡಿದ ದನಿ ವಚನಯುಗದಲ್ಲಿಯೂ ಒಂದಿದೆ. ಮಹಾಕೂಟದ ಕಲ್ಲಿನಲ್ಲಿ ಬಹುವಚನ ಪಡೆದ ಶಬ್ದವೇ ಅಷ್ಟು ಹೊತ್ತಿಗೆ ಹೆಸರಿನ ಮೇಲೆ ಭಾರವಾಗಿ ಕೂತಿದ್ದ ಸಂಕವ್ವೆಯು ಸೂಳೆ ಸಂಕವ್ವೆಯೆಂದೇ ಹೆಸರಾದವಳು. ಆಕೆಯದಾಗಿ ಉಳಿದಿರುವುದು ಒಂದೇ ವಚನ. ಕಾಯಕದ ಒಳಗಿನ ‘ಒತ್ತೆ’ ಎಂಬ ಮಾತನ್ನು, ಎಂದರೆ ಗಿರಾಕಿಯಿಂದ ಮುಂಗಡವಾಗಿ ಹಿಡಿಯುವ ಹಣವನ್ನು, ಆಕೆ ಅಲ್ಲಿ ನಿಷ್ಠೆಯ ಮಾತಾಗಿ ತಿರುಗಿಸುತ್ತಾಳೆ: ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯುವುದು ತನ್ನಿಂದಾಗದು, ಹಿಡಿದರೆ ಸಿಗುವ ದಂಡನೆ ಎಂಥದೆಂದು ತನಗೆ ಗೊತ್ತು ಎಂದು ದೇವರ ಮುಂದೆ ಹೇಳಿಕೊಳ್ಳುತ್ತಾಳೆ. ವಚನದ ಕೊನೆಗೆ ಬರುವ ಅಂಕಿತ, ಎಂದರೆ ವಚನಕಾರರು ತಮ್ಮ ಗುರುತಾಗಿ ಇಟ್ಟುಕೊಳ್ಳುವ ದೇವರ ಹೆಸರು, ಆಕೆಯಲ್ಲಿ ‘ನಿರ್ಲಜ್ಜೇಶ್ವರ’. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಆಕೆಯ ಈ ಒಂಟಿ ವಚನವು ಅಕ್ಕಮಹಾದೇವಿ, ನೀಲಮ್ಮ, ಮುಕ್ತಾಯಕ್ಕರ ವಚನಗಳ ಸಾಲಿನಲ್ಲಿಯೇ, ಕಾಯಕದ ಹೆಸರನ್ನು ಮುಂದಿಟ್ಟುಕೊಂಡು ಅಚ್ಚಾಗಿದೆ.